ಸಾಂಕ್ರಾಮಿಕ ಬಾಗಿಲಿಗೆ ಬರುವ ಮುನ್ನ: ಕೊಡಗಿನ ಸಣ್ಣ ಆಸ್ಪತ್ರೆಗಳಿಗೊಂದು ಮಾರ್ಗದರ್ಶಿ

"ನಮ್ಮಲ್ಲಿರುವುದು ಇಪ್ಪತ್ತು ಹಾಸಿಗೆ. ಕಾಲರಾನೋ ನಿಫಾನೋ ಬಂದರೆ ನಾವೇನು ಮಾಡಲಾದೀತು? ಮಡಿಕೇರಿಗೋ ಮೈಸೂರಿಗೋ ಕಳಿಸಿಬಿಟ್ಟರೆ ಆಯಿತಲ್ಲ?" ಗೋಣಿಕೊಪ್ಪ, ಸುಂಟಿಕೊಪ್ಪ, ಶನಿವಾರಸಂತೆ ಕಡೆಯ ನರ್ಸಿಂಗ್ ಹೋಂನವರು, ಎಸ್ಟೇಟ್ ಡಿಸ್ಪೆನ್ಸರಿಗಳ ಸಿಬ್ಬಂದಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ಆರೋಗ್ಯ ರಕ್ಷಾ ಸಮಿತಿ ಸದಸ್ಯರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು.

ಕಳಿಸಿದ ಮಾತ್ರಕ್ಕೆ ಆಗುವುದಿಲ್ಲ. ರೋಗಿ ಮೊದಲು ಬರುವುದು ನಿಮ್ಮಲ್ಲಿಗೇ. ಬಂದಾಗ ಕಾಯಿಲೆಗೆ ಹೆಸರಿರುವುದಿಲ್ಲ; ಬರೀ ಜ್ವರ, ಬರೀ ವಾಂತಿಭೇದಿ ಅಷ್ಟೆ. ಲ್ಯಾಬ್ ವರದಿ ಕೈಗೆ ಬರುವಷ್ಟರಲ್ಲಿ ಆ ರೋಗಿ ನಿಮ್ಮ ಬೆಂಚಿನಲ್ಲಿ ಕೂತು, ಎಕ್ಸ್‌ರೇ ಕೋಣೆ ಹೊಕ್ಕು, ಜನರಲ್ ವಾರ್ಡಿನಲ್ಲಿ ಒಂದು ರಾತ್ರಿ ಕಳೆದಾಗಿರುತ್ತದೆ. 2018ರ ಮೇ ತಿಂಗಳಲ್ಲಿ ಕೋಯಿಕ್ಕೋಡ್ ಭಾಗದಲ್ಲಿ ನಿಫಾ ಕಾಣಿಸಿಕೊಂಡಾಗ ಬಹುಪಾಲು ಮಂದಿಗೆ ಸೋಂಕು ತಗುಲಿದ್ದು ಆಸ್ಪತ್ರೆಗಳ ಒಳಗೇ. ಪೇರಾಂಬ್ರ ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲ ರೋಗಿಯ ಆರೈಕೆ ಮಾಡಿದ ನರ್ಸ್ ಲಿನಿ ಪುದುಶ್ಶೇರಿ ಅದೇ ಸೋಂಕಿನಿಂದ ತೀರಿಕೊಂಡರು. ಕುಟ್ಟ, ಮಾಕುಟ್ಟ, ಕರಿಕೆ ದಾರಿಗಳಲ್ಲಿ ದಿನವೂ ಕೇರಳಕ್ಕೆ ಹೋಗಿ ಬರುವ ಜನರಿರುವ ಜಿಲ್ಲೆ ನಮ್ಮದು. ಹಾಗಾಗಿ ಕಾಯಿಲೆಯ ಹೆಸರು ತಿಳಿಯುವ ಮೊದಲೇ ಕೆಲಸ ಮಾಡುವಂಥ ಸಿದ್ಧತೆ ಬೇಕು. ಕೆಳಗಿನ ಹಂತಗಳೆಲ್ಲ ಅದಕ್ಕಾಗಿಯೇ.

ಇನ್ನೊಂದು ಮಾತು. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿತು. 2018 ಮತ್ತು 2019ರಲ್ಲಿ ಕಾವೇರಿ ನೀರು ಕುಶಾಲನಗರದ ಬಡಾವಣೆಗಳಿಗೇ ನುಗ್ಗಿತು. ರಸ್ತೆ, ಕರೆಂಟು, ಫೋನ್ ಮೂರೂ ಒಟ್ಟಿಗೆ ಕೈಕೊಡುವ ಕಾಲದಲ್ಲೇ ನಮ್ಮಲ್ಲಿ ನೀರಿನ ಕಾಯಿಲೆಗಳೂ ಏಳುತ್ತವೆ. ಆದ್ದರಿಂದ ಎಲ್ಲ ತಯಾರಿಗೂ ಗಡುವು ಮೇ ತಿಂಗಳ ಕೊನೆ.

ಹಂತ 1: ಯಾರು ಏನು ಮಾಡಬೇಕು ಎಂದು ಬರೆದಿಡಿ

ದೊಡ್ಡ ಆಸ್ಪತ್ರೆಗಳಲ್ಲಿ ಸೋಂಕು ನಿಯಂತ್ರಣ ಸಮಿತಿ ಎಂದಿರುತ್ತದೆ. ನಿಮಗೆ ಮೂವರು ಸಾಕು: ನಿರ್ಧಾರ ತೆಗೆದುಕೊಳ್ಳುವ ಒಬ್ಬ ವೈದ್ಯರು, ವಾರ್ಡ್ ನೋಡಿಕೊಳ್ಳುವ ಒಬ್ಬ ಹಿರಿಯ ನರ್ಸ್, ಸಾಮಾನು ಮತ್ತು ವಾಹನದ ಲೆಕ್ಕ ಇಡುವ ಒಬ್ಬರು. ಪ್ರತಿಯೊಬ್ಬರಿಗೂ ಒಬ್ಬ ಬದಲಿ ಇರಲೇಬೇಕು, ಏಕೆಂದರೆ ಮೊದಲು ಹುಷಾರು ತಪ್ಪುವವರು ಇವರಲ್ಲೇ ಒಬ್ಬರಾಗಬಹುದು.

ತಾಲ್ಲೂಕು ಆರೋಗ್ಯಾಧಿಕಾರಿ, ಜಿಲ್ಲಾ ಸರ್ವೇಕ್ಷಣಾಧಿಕಾರಿ (ಜಿಲ್ಲೆಯಲ್ಲಿ ರೋಗಗಳ ಮೇಲೆ ಕಣ್ಣಿಡುವ ಅಧಿಕಾರಿ), ಮಡಿಕೇರಿ ಜಿಲ್ಲಾ ಆಸ್ಪತ್ರೆ, ಆಕ್ಸಿಜನ್ ಪೂರೈಸುವವರು, ಗ್ರಾಮ ಪಂಚಾಯಿತಿ, ಸುತ್ತಲಿನ ಎಸ್ಟೇಟುಗಳ ಮ್ಯಾನೇಜರ್ ಮತ್ತು ರೈಟರುಗಳ ನಂಬರ್‌ಗಳನ್ನು ದಪ್ಪ ಅಕ್ಷರದಲ್ಲಿ ಬರೆದು ಡ್ಯೂಟಿ ರೂಮಿನ ಗೋಡೆಗೆ ಅಂಟಿಸಿ. ಮೊಬೈಲಿನಲ್ಲಿ ಮಾತ್ರ ಇಟ್ಟುಕೊಂಡರೆ ಚಾರ್ಜ್ ಹೋದ ರಾತ್ರಿ ಒಂದೂ ಸಿಗುವುದಿಲ್ಲ.

ಹಂತ 2: ಬಾಗಿಲಲ್ಲೇ ಬೇರ್ಪಡಿಸಿ

ಚೀಟಿ ಕೌಂಟರಿಗೆ ಬರುವ ಮೊದಲೇ, ಹೊರಗಿನ ಜಗುಲಿಯಲ್ಲೋ ಶೀಟ್ ಇಳಿಸಿದ ಮಾಡಿನ ಕೆಳಗೋ ಒಂದು ಮೇಜು ಹಾಕಿ. ಅಲ್ಲಿ ಕೂರುವವರು ವೈದ್ಯರೇ ಆಗಬೇಕಿಲ್ಲ. ಐದು ಪ್ರಶ್ನೆ ಕೇಳಲು ತರಬೇತಿ ಪಡೆದ ಯಾರಾದರೂ ಸರಿ.

ಜ್ವರ ಇದೆಯೇ, ಯಾವತ್ತಿನಿಂದ? ಜ್ವರದ ಜೊತೆ ಕೆಮ್ಮು, ಉಸಿರಾಟದ ತೊಂದರೆ, ಮೈಮೇಲೆ ಗುಳ್ಳೆ, ರಕ್ತಸ್ರಾವ, ಮಾತಿನಲ್ಲಿ ಗೊಂದಲ ಇದೆಯೇ? ನೀರು ನೀರಾಗಿ ಭೇದಿ ಆಗುತ್ತಿದೆಯೇ? ಕಳೆದ 21 ದಿನಗಳಲ್ಲಿ ಬೇರೆ ಜಿಲ್ಲೆ, ಕೇರಳ ಅಥವಾ ಹೊರದೇಶಕ್ಕೆ ಹೋಗಿದ್ದಿರಾ, ಆಸ್ಪತ್ರೆಯಲ್ಲಿ ಯಾರನ್ನಾದರೂ ನೋಡಿಕೊಂಡಿದ್ದಿರಾ? ಮನೆಯಲ್ಲಿ, ಲೈನಿನಲ್ಲಿ (ಎಸ್ಟೇಟ್ ಕಾರ್ಮಿಕರ ಮನೆಗಳ ಸಾಲು), ಹಾಡಿಯಲ್ಲಿ (ಆದಿವಾಸಿಗಳ ವಸತಿ), ಹಾಸ್ಟೆಲಿನಲ್ಲಿ ಇದೇ ರೀತಿ ಇನ್ನೂ ಯಾರಿಗಾದರೂ ಆಗಿದೆಯೇ? ಈ ಕೊನೆಯ ಪ್ರಶ್ನೆಯನ್ನು ಮರೆಯಬೇಡಿ. ಒಂದೇ ಲೈನ್ ಮನೆಯ ಸಾಲಿನಿಂದ ಮೂವರು ಭೇದಿ ಎಂದು ಬಂದರೆ, ಯಾವ ಲ್ಯಾಬ್ ವರದಿಗೂ ಮೊದಲೇ ನಿಮಗೆ ಸಿಕ್ಕ ಸುಳಿವು ಅದು.

ಜೊತೆಗೆ ಊರಿನ ಪ್ರಶ್ನೆಗಳನ್ನೂ ಸೇರಿಸಿ: ತೋಟದ ಪಕ್ಕ ಮಂಗ ಸತ್ತಿತ್ತೇ? ಉಣ್ಣೆ ಕಚ್ಚಿದೆಯೇ? ಗದ್ದೆಯಲ್ಲೋ ನೆರೆ ನೀರಿನಲ್ಲೋ ಬರಿಗಾಲಲ್ಲಿ ಇಳಿದಿದ್ದಿರಾ? ಕುಡಿಯುವ ನೀರು ಎಲ್ಲಿಯದು: ಬಾವಿಯೋ, ತೋಡೋ, ಪಂಚಾಯಿತಿ ನಲ್ಲಿಯೋ?

ಕೆಮ್ಮು ಜ್ವರದವರಿಗೆ ತಕ್ಷಣ ಸರ್ಜಿಕಲ್ ಮಾಸ್ಕ್ ಕೊಡಿ. ಇತರರಿಂದ ಕನಿಷ್ಠ 1 ಮೀಟರ್, ಜಾಗವಿದ್ದರೆ 2 ಮೀಟರ್ ದೂರದಲ್ಲಿ ಕೂರಿಸಿ. ಗುಳ್ಳೆ ಇರುವವರನ್ನೂ ಜ್ವರದ ಜೊತೆ ಗೊಂದಲ ಇರುವವರನ್ನೂ ಕಾಯಿಸಬೇಡಿ. ನೇರವಾಗಿ ಪ್ರತ್ಯೇಕ ಕೋಣೆಗೆ ಕರೆದೊಯ್ಯಿರಿ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಭಾಷೆಯದು. ಫಲಕ ಕನ್ನಡದಲ್ಲಿ ಮಾತ್ರ ಇದ್ದರೆ ಕಾಫಿ ಕುಯ್ಲಿಗೆ ಬಂದ ಅಸ್ಸಾಮಿನ ಕಾರ್ಮಿಕರಿಗೆ ಅದು ಇದ್ದೂ ಇಲ್ಲದಂತೆ. ಕನ್ನಡ, ಮಲಯಾಳ, ಹಿಂದಿ ಮೂರರಲ್ಲೂ ಬರೆಸಿ, ಪಕ್ಕದಲ್ಲಿ ಚಿತ್ರ ಹಾಕಿಸಿ. ಯರವ, ಜೇನುಕುರುಬ ಹಾಡಿಗಳಿಂದ ಬರುವವರಿಗೆ ಅವರದೇ ಮಾತಾಡುವ ಆಶಾ ಕಾರ್ಯಕರ್ತೆಯರ ನಂಬರ್ ಮೇಜಿನ ಮೇಲಿರಲಿ. ಪ್ರಶ್ನೆ ಅರ್ಥವಾಗದೆ ತಲೆಯಾಡಿಸಿದ ಉತ್ತರವನ್ನು "ಇಲ್ಲ" ಎಂದು ಬರೆದುಕೊಂಡರೆ ಇಡೀ ಮೇಜು ವ್ಯರ್ಥ.

ಹಂತ 3: ಪ್ರತ್ಯೇಕ ಕೋಣೆ ಸಿದ್ಧಪಡಿಸಿ

ಪ್ರತ್ಯೇಕ ಕೋಣೆ ಎಂದರೆ ಬಾಗಿಲು ಮುಚ್ಚಿದ ಕೋಣೆ ಎಂದಷ್ಟೇ ಅರ್ಥವಲ್ಲ. ಅಲ್ಲಿನ ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂಬುದು ಮುಖ್ಯ. ಕಟ್ಟಡದ ತುದಿಯಲ್ಲಿರುವ, ಹೊರಗಿನಿಂದಲೇ ಬಾಗಿಲಿರುವ, ತನ್ನದೇ ಶೌಚಾಲಯವಿರುವ ಕೋಣೆ ಆರಿಸಿ.

ದಡಾರ, ಕ್ಷಯ, ಸೀತಾಳೆ ಸಿಡುಬಿನಂಥ ಗಾಳಿಯಲ್ಲಿ ತೇಲುವ ಸೋಂಕುಗಳಿಗೆ ಕೋಣೆಯ ಗಾಳಿ ಗಂಟೆಗೆ 12 ಸಲ ಬದಲಾಗಬೇಕು. ಲೆಕ್ಕ ಕಷ್ಟವಲ್ಲ. ಕೋಣೆ 4 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಎತ್ತರವಿದ್ದರೆ ಒಳಗಿನ ಗಾಳಿ 48 ಘನ ಮೀಟರ್. ಅದರ 12 ಪಟ್ಟು 576. ಅಂದರೆ ಗಂಟೆಗೆ 576 ಘನ ಮೀಟರ್ ಗಾಳಿ ಹೊರಹಾಕುವ ಎಕ್ಸಾಸ್ಟ್ ಫ್ಯಾನ್ ಬೇಕು. ಫ್ಯಾನಿನ ಡಬ್ಬಿಯ ಮೇಲೆ ಈ ಸಂಖ್ಯೆ ಇರುತ್ತದೆ. ಜಾಲರಿ, ದೂಳು, ಹೊರಗಿನ ಗಾಳಿಯ ಒತ್ತಡದಿಂದ ನಿಜವಾಗಿ ಸಿಗುವುದು ಕಡಿಮೆಯೇ, ಹಾಗಾಗಿ ಲೆಕ್ಕದ ಎರಡರಷ್ಟು ಸಾಮರ್ಥ್ಯದ್ದನ್ನೇ ತನ್ನಿ. ಫ್ಯಾನ್ ಬಾಗಿಲಿನ ಎದುರು ಗೋಡೆಯಲ್ಲಿ, ರೋಗಿಯ ತಲೆ ಇರುವ ಕಡೆ ಇರಲಿ. ಹೊರಬಿದ್ದ ಗಾಳಿ ಜನ ಓಡಾಡುವ ಜಗುಲಿಗೋ ಪಕ್ಕದ ವಾರ್ಡಿನ ಕಿಟಕಿಗೋ ಹೋಗಬಾರದು.

ಕೆಲಸ ಸರಿಯಾಗಿದೆಯೇ ನೋಡಲು ಒಂದು ಊದುಬತ್ತಿ ಸಾಕು. ಫ್ಯಾನ್ ಹಾಕಿ, ಬಾಗಿಲು ಮುಚ್ಚಿ, ಹೊರಗೆ ನಿಂತು ಬಾಗಿಲ ಕೆಳಗಿನ ಸಂದಿಯ ಬಳಿ ಹಚ್ಚಿದ ಊದುಬತ್ತಿ ಹಿಡಿಯಿರಿ. ಹೊಗೆ ಒಳಕ್ಕೆ ಎಳೆದುಕೊಂಡು ಹೋದರೆ ಸರಿ. ನಿಮ್ಮ ಕಡೆಗೇ ಬಂದರೆ, ರೋಗಿಯ ಉಸಿರು ಕಾರಿಡಾರಿಗೆ ಬರುತ್ತಿದೆ ಎಂದರ್ಥ. ರೋಗಿ ಇರುವಷ್ಟು ದಿನವೂ ಬೆಳಿಗ್ಗೆ ಒಮ್ಮೆ ಹೀಗೆ ನೋಡಿ, ದಿನಾಂಕ ಹಾಕಿ ಬರೆಯಿರಿ.

ನಮ್ಮ ಜಿಲ್ಲೆಯಲ್ಲಿ ಈ ವ್ಯವಸ್ಥೆ ಕೆಡುವುದು ಚಳಿಯಿಂದ. ಜುಲೈ ತಿಂಗಳಲ್ಲಿ ಮಡಿಕೇರಿಯಲ್ಲೋ ಭಾಗಮಂಡಲದಲ್ಲೋ ರೋಗಿಯ ಕಡೆಯವರು ಮೊದಲು ಮಾಡುವುದೇ ಕಿಟಕಿ ಮುಚ್ಚಿ ಫ್ಯಾನ್ ಆರಿಸುವ ಕೆಲಸ. ಬೈದರೆ ಪ್ರಯೋಜನವಿಲ್ಲ. ಎರಡು ಕಂಬಳಿ ಹೆಚ್ಚಿಗೆ ಕೊಡಿ, ಮಳೆ ಎರಚದಂತೆ ಕಿಟಕಿಯ ಹೊರಗೆ ಶೀಟ್ ಇಳಿಸಿ, ಫ್ಯಾನಿನ ಸ್ವಿಚ್ಚನ್ನು ಕೋಣೆಯ ಹೊರಗೆ ಹಾಕಿಸಿ. ಕರೆಂಟು ಹೋದಾಗ ಈ ಫ್ಯಾನ್ ಜನರೇಟರ್ ಲೈನಿನಲ್ಲಿರಬೇಕು. ಇದನ್ನು ಬಹಳ ಕಡೆ ಮರೆತಿರುತ್ತಾರೆ.

ರೋಗಿ ಹೋದ ಮೇಲೆ ಒಡನೆ ಒಳನುಗ್ಗಬೇಡಿ. ಗಂಟೆಗೆ 12 ಸಲ ಗಾಳಿ ಬದಲಾಗುವ ಕೋಣೆಯಲ್ಲಿ 99% ಕಣಗಳು ಹೋಗಲು 23 ನಿಮಿಷ ಬೇಕು, 6 ಸಲ ಬದಲಾಗುವಲ್ಲಿ 46 ನಿಮಿಷ. ದಡಾರದ ರೋಗಿ ಇದ್ದ ಸಾಮಾನ್ಯ ಕೋಣೆಯಾದರೆ 2 ಗಂಟೆ ಖಾಲಿ ಬಿಡಿ.

ಹಾಸಿಗೆ ಸಾಲದಾದರೆ ಯಾವ ವಾರ್ಡ್ ಖಾಲಿ ಮಾಡುತ್ತೀರಿ, ಅಲ್ಲಿದ್ದವರನ್ನು ಎಲ್ಲಿಗೆ ಸಾಗಿಸುತ್ತೀರಿ ಎಂಬುದೂ ಮೊದಲೇ ತೀರ್ಮಾನವಾಗಿರಲಿ. ಮುಂದೂಡಬಹುದಾದ ಶಸ್ತ್ರಚಿಕಿತ್ಸೆಗಳನ್ನು ಮುಂದೂಡಿ. ಹೆರಿಗೆ, ಡಯಾಲಿಸಿಸ್, ಹಾವು ಕಡಿತ ಮುಂದೂಡುವಂಥವಲ್ಲ. ಅವಕ್ಕೆ ಬೇರೆ ಬಾಗಿಲು, ಬೇರೆ ಸಿಬ್ಬಂದಿ ಇರಲಿ.

ಹಂತ 4: ಸಾಮಾನಿನ ಲೆಕ್ಕ

"ಸಾಕಷ್ಟು ಸ್ಟಾಕ್ ಇದೆ" ಎಂಬುದು ಲೆಕ್ಕವಲ್ಲ. ಎಷ್ಟು ಗಂಟೆಗೆ, ಎಷ್ಟು ದಿನಕ್ಕೆ ಎಂದು ಹೇಳಲು ಬರಬೇಕು.

ಆಕ್ಸಿಜನ್: ದೊಡ್ಡ ಸಿಲಿಂಡರಿನಲ್ಲಿ, ಅಂದರೆ ಜಂಬೋ ಅಥವಾ ಡಿ ಟೈಪಿನಲ್ಲಿ, ಸುಮಾರು 7,000 ಲೀಟರ್ ಇರುತ್ತದೆ, ಬಿ ಟೈಪಿನಲ್ಲಿ ಸುಮಾರು 1,500 ಲೀಟರ್. ಒಬ್ಬ ರೋಗಿಗೆ ನಿಮಿಷಕ್ಕೆ 10 ಲೀಟರ್ ಹರಿಸಿದರೆ ಜಂಬೋ ಸಿಲಿಂಡರ್ 700 ನಿಮಿಷ, ಅಂದರೆ 12 ಗಂಟೆಗೂ ಕಡಿಮೆ ಬರುತ್ತದೆ. ಆರು ಮಂದಿಗೆ ತಲಾ 5 ಲೀಟರ್ ಎಂದರೆ ನಿಮಿಷಕ್ಕೆ 30, ದಿನಕ್ಕೆ 43,200 ಲೀಟರ್. ಮೂರು ದಿನ ರಸ್ತೆ ಮುಚ್ಚಿದರೆ 1,29,600 ಲೀಟರ್, ಎಂದರೆ 19 ಜಂಬೋ ಸಿಲಿಂಡರ್. ಪೂರ್ತಿ ಖಾಲಿಯಾಗುವ ತನಕ ಯಾವುದನ್ನೂ ಓಡಿಸಲಾಗದ್ದರಿಂದ 23 ಇಟ್ಟುಕೊಳ್ಳಿ. ಗಾಳಿಯಿಂದ ಆಕ್ಸಿಜನ್ ತಯಾರಿಸುವ ಪ್ಲಾಂಟ್ ಇರುವವರು ನಿಶ್ಚಿಂತರಾಗಬೇಡಿ. ಅದು ಕರೆಂಟಿಲ್ಲದೆ ನಡೆಯುವುದಿಲ್ಲ. ಪ್ಲಾಂಟನ್ನೂ ಫ್ರಿಜ್ಜನ್ನೂ ಒಟ್ಟಿಗೆ ಹಾಕಿ ಜನರೇಟರ್ ಎಷ್ಟು ಗಂಟೆ ಎಳೆಯುತ್ತದೆ, ಗಂಟೆಗೆ ಎಷ್ಟು ಡೀಸೆಲ್ ಕುಡಿಯುತ್ತದೆ ಎಂದು ಒಮ್ಮೆ ಓಡಿಸಿಯೇ ಅಳೆಯಿರಿ.

ಪಿಪಿಇ ಕಿಟ್ (ಮೈ, ಮುಖ, ಕೈ ಮುಚ್ಚುವ ರಕ್ಷಣಾ ಉಡುಪು): ಹಾಸಿಗೆಯ ಲೆಕ್ಕದಲ್ಲಿ ಬೇಡ, ಒಳಹೋಗುವವರ ಲೆಕ್ಕದಲ್ಲಿ ಎಣಿಸಿ. ನಾಲ್ಕು ಹಾಸಿಗೆಯ ಕೋಣೆಗೆ ಒಂದು ಪಾಳಿಯಲ್ಲಿ ಇಬ್ಬರು ನರ್ಸ್, ಒಬ್ಬ ವೈದ್ಯರು, ಒಬ್ಬ ಸ್ವಚ್ಛತಾ ಸಿಬ್ಬಂದಿ ಒಂದೊಂದು ಸಲ ಹೋದರೂ ಮೂರು ಪಾಳಿಗೆ ದಿನಕ್ಕೆ 12 ಕಿಟ್ ಆಯಿತು. 14 ದಿನಕ್ಕೆ 168. ಹರಿದದ್ದು, ಅಳತೆ ಹೊಂದದ್ದು ಎಂದು ಕಾಲು ಭಾಗ ಸೇರಿಸಿ 210. ಎಲ್ಲವನ್ನೂ ಒಂದೇ ಅಳತೆಯಲ್ಲಿ ತರಿಸಿದರೆ ಕುಳ್ಳಗಿನವರು ತುದಿ ಮೆಟ್ಟಿ ಬೀಳುತ್ತಾರೆ, ದಪ್ಪಗಿನವರ ಕಿಟ್ ಬೆನ್ನಲ್ಲಿ ಹರಿಯುತ್ತದೆ.

ಡ್ರಿಪ್: ಕಾಲರಾದಲ್ಲಿ ತೀವ್ರವಾಗಿ ನೀರು ಕಳೆದುಕೊಂಡವರಿಗೆ ರಿಂಗರ್ ಲ್ಯಾಕ್ಟೇಟ್ ಕಿಲೋ ತೂಕಕ್ಕೆ 100 ಮಿ.ಲೀ. ಬೇಕು. ಒಂದು ವರ್ಷ ದಾಟಿದ ಎಲ್ಲರಿಗೂ ಮೊದಲ 30 ನಿಮಿಷದಲ್ಲಿ ಕಿಲೋಗೆ 30, ಮುಂದಿನ ಎರಡೂವರೆ ಗಂಟೆಯಲ್ಲಿ 70 ಮಿ.ಲೀ. ಒಂದು ವರ್ಷದೊಳಗಿನ ಕೂಸಿಗೆ ಅಷ್ಟನ್ನೇ ನಿಧಾನವಾಗಿ, ಕ್ರಮವಾಗಿ 1 ಗಂಟೆ ಮತ್ತು 5 ಗಂಟೆಯಲ್ಲಿ. 50 ಕಿಲೋ ತೂಗುವವರಿಗೆ ಮೊದಲ ಮೂರು ಗಂಟೆಯಲ್ಲೇ 5 ಲೀಟರ್, ಅಂದರೆ ಅರ್ಧ ಲೀಟರಿನ 10 ಬಾಟಲಿ. ಹತ್ತು ಮಂದಿ ಒಟ್ಟಿಗೆ ಬಂದರೆ 100 ಬಾಟಲಿ. ಸಣ್ಣ ಆಸ್ಪತ್ರೆಗಳಲ್ಲಿ ಮೊದಲ ರಾತ್ರಿಯೇ ಮುಗಿದುಹೋಗುವುದು ಇದೇ. ಕುಡಿಯಲು ಆಗುವವರಿಗೆ ಓಆರ್‌ಎಸ್ ಸಾಕು. ಎಲ್ಲರಿಗೂ ಡ್ರಿಪ್ ಹಾಕುವ ರೂಢಿಯನ್ನು ಇಂಥ ಹೊತ್ತಿನಲ್ಲಿ ಬಿಡಲೇಬೇಕು.

ಹಂತ 5: ಬ್ಲೀಚಿಂಗ್ ಪೌಡರ್ ಮತ್ತು ಕೈಯ ಶುಚಿ

ಬ್ಲೀಚಿಂಗ್ ಪೌಡರ್ ಅಗ್ಗವಾಗಿ ಸಿಗುತ್ತದೆ, ಕೊಡಗಿನ ಮಳೆಗಾಲದಲ್ಲಿ ಅಷ್ಟೇ ಬೇಗ ಕೆಡುತ್ತದೆ. ಹೊಸ ಪುಡಿ ಬೆಳ್ಳಗೆ, ಪುಡಿಪುಡಿಯಾಗಿ ಇರುತ್ತದೆ. ಚೀಲ ಬಿಚ್ಚಿದ ಕೂಡಲೇ ಘಾಟು ಮೂಗಿಗೆ ಬಡಿಯುತ್ತದೆ. ತೇವ ಹೀರಿದ ಪುಡಿ ಅಂಟಂಟಾಗಿ ಗಟ್ಟಿ ಕಟ್ಟಿ, ಘಾಟು ಕಳೆದುಕೊಂಡಿರುತ್ತದೆ. ಅದನ್ನು ಎಷ್ಟು ಸುರಿದರೂ ನೆಲ ಬೆಳ್ಳಗಾಗುತ್ತದೆಯೇ ಹೊರತು ರೋಗಾಣು ಸಾಯುವುದಿಲ್ಲ. ಗಾಳಿಯಾಡದ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ, ಹಲಗೆಯ ಮೇಲೆ, ಗೋಡೆಗೆ ತಾಗದಂತೆ, ಕತ್ತಲಿರುವ ಕಡೆ ಇಡಿ. ಶಸ್ತ್ರಚಿಕಿತ್ಸೆಯ ಉಪಕರಣಗಳ ಹತ್ತಿರ ಬೇಡ, ತುಕ್ಕು ಹಿಡಿಯುತ್ತವೆ. ವರ್ಷದ್ದನ್ನು ಒಮ್ಮೆಗೇ ತರಿಸುವ ಬದಲು ಎರಡು ತಿಂಗಳಿಗೊಮ್ಮೆ ತರಿಸಿ.

ಚೀಲದ ಮೇಲೆ 33% ಕ್ಲೋರಿನ್ ಎಂದಿರುವ ಹೊಸ ಪುಡಿಗೆ ಅಳತೆ ಹೀಗೆ:

– ಮೇಜು, ಮಂಚದ ಕಂಬಿ, ಬಾಗಿಲ ಹಿಡಿ, ನೆಲ ಒರೆಸಲು 0.1%: 10 ಲೀಟರ್ ನೀರಿಗೆ 30 ಗ್ರಾಂ.
– ರಕ್ತ, ವಾಂತಿ ಬಿದ್ದ ಜಾಗಕ್ಕೆ 0.5%: 10 ಲೀಟರಿಗೆ 150 ಗ್ರಾಂ.
– ಕಾಲರಾ ರೋಗಿಯ ಮಲ, ವಾಂತಿಯ ಬಕೆಟಿಗೆ 2%: 1 ಲೀಟರಿಗೆ 60 ಗ್ರಾಂ. ಬಳಸುವ ಮೊದಲೇ ಬಕೆಟಿನ ತಳದಲ್ಲಿ ಒಂದು ಸೆಂ.ಮೀ. ಎತ್ತರಕ್ಕೆ ಹಾಕಿಡಿ.

ಪುಡಿಯನ್ನು ಸ್ವಲ್ಪ ನೀರಿನಲ್ಲಿ ಕಲಸಿ, ಉಳಿದ ನೀರು ಸೇರಿಸಿ, ಅರ್ಧ ಗಂಟೆ ಬಿಟ್ಟು ಮೇಲಿನ ತಿಳಿ ಬಳಸಿ. ದಿನವೂ ಹೊಸದಾಗಿ ಮಾಡಿ, ನಿನ್ನೆಯದು ಚೆಲ್ಲಿ. ದ್ರಾವಣದ ರೂಪದಲ್ಲಿ ಸಿಗುವ 5% ಸೋಡಿಯಂ ಹೈಪೋಕ್ಲೋರೈಟ್ ಆದರೆ ಒಂದು ಪಾಲಿಗೆ 9 ಪಾಲು ನೀರು ಹಾಕಿದಾಗ 0.5%, 49 ಪಾಲು ಹಾಕಿದಾಗ 0.1%.

ಎರಡು ತಪ್ಪುಗಳು ಎಲ್ಲೆಡೆ ನಡೆಯುತ್ತವೆ. ಒಂದು, ಕೊಳೆಯ ಮೇಲೇ ದ್ರಾವಣ ಸುರಿಯುವುದು. ರಕ್ತ, ಮಲ, ಮಣ್ಣು ಕ್ಲೋರಿನ್ನನ್ನು ನುಂಗಿಬಿಡುತ್ತವೆ. ಮೊದಲು ಹೀರುವ ಬಟ್ಟೆ ಅಥವಾ ಕಾಗದದಿಂದ ತೆಗೆದು, ಸೋಪು ನೀರಿನಿಂದ ತೊಳೆದು, ಆಮೇಲೆ ದ್ರಾವಣ ಹಾಕಿ 10 ನಿಮಿಷ ಒದ್ದೆಯಾಗಿಯೇ ಬಿಡಿ. ಇನ್ನೊಂದು, ಶೌಚಾಲಯ ತೊಳೆಯುವ ಆಸಿಡ್ ಜೊತೆ ಬೆರೆಸುವುದು. ಇದರಿಂದ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಬಾತ್‌ರೂಮಿನಲ್ಲಿ ಇದು ಜೀವಕ್ಕೇ ಅಪಾಯ. ಜನರ ಮೈಮೇಲೆ ಸಿಂಪಡಿಸುವುದಂತೂ ಬೇಡವೇ ಬೇಡ: ಸೋಂಕು ತಡೆಯುವುದಿಲ್ಲ, ಕಣ್ಣು ಮತ್ತು ಶ್ವಾಸಕೋಶಕ್ಕೆ ಹಾನಿ ಮಾಡುತ್ತದೆ.

ನಿಮ್ಮ ನೀರು ಬಾವಿಯದಾದರೆ ಅದನ್ನೂ ನೋಡಿಕೊಳ್ಳಿ. ಬಾವಿಯ ವ್ಯಾಸ 2 ಮೀಟರ್, ನೀರಿನ ಆಳ 3 ಮೀಟರ್ ಇದ್ದರೆ (3.14 × 2 × 2 × 3 ÷ 4) ಸುಮಾರು 9,400 ಲೀಟರ್ ನೀರಿದೆ. 1,000 ಲೀಟರಿಗೆ 2.5 ಗ್ರಾಂ ಒಳ್ಳೆಯ ಪುಡಿಯಂತೆ 24 ಗ್ರಾಂ. ಒಂದು ಗಂಟೆ ಬಿಟ್ಟು, ಅತಿ ದೂರದ ನಲ್ಲಿಯಲ್ಲಿ ಪರೀಕ್ಷಿಸಿದಾಗ ಲೀಟರಿಗೆ 0.5 ಮಿ.ಗ್ರಾಂ ಕ್ಲೋರಿನ್ ಉಳಿದಿರಬೇಕು. ನೆರೆ ನೀರು ನುಗ್ಗಿದ ಬಾವಿಗೆ ಈ ಅಳತೆ ಸಾಲದು. ಕೆಸರು ತೆಗೆಸಿ, ಆರೋಗ್ಯ ಇಲಾಖೆಯವರ ಎದುರೇ ಶುದ್ಧೀಕರಿಸಿ.

ಕೈಗೆ ಆಲ್ಕೋಹಾಲ್ ದ್ರಾವಣವಾದರೆ 20ರಿಂದ 30 ಸೆಕೆಂಡು, ಸೋಪು ನೀರಾದರೆ 40ರಿಂದ 60 ಸೆಕೆಂಡು ಉಜ್ಜಬೇಕು. ಭೇದಿ ಹರಡಿರುವಾಗ ಸೋಪು ನೀರೇ ಮೇಲು. ಸ್ಯಾನಿಟೈಸರ್ ಪೂರೈಕೆ ನಿಂತರೆ ಫಾರ್ಮಸಿಸ್ಟ್ ಇಲ್ಲೇ ತಯಾರಿಸಬಹುದು: 96% ಎಥನಾಲ್ 8,333 ಮಿ.ಲೀ., 3% ಹೈಡ್ರೋಜನ್ ಪೆರಾಕ್ಸೈಡ್ 417 ಮಿ.ಲೀ., 98% ಗ್ಲಿಸರಾಲ್ 145 ಮಿ.ಲೀ., ಕುದಿಸಿ ಆರಿಸಿದ ನೀರು ಸೇರಿಸಿ ಒಟ್ಟು 10 ಲೀಟರ್. ಮುಚ್ಚಿ 72 ಗಂಟೆ ಇಟ್ಟ ಮೇಲೆ ಬಳಸಿ. ಬೆಂಕಿಯಿಂದ ದೂರವಿರಲಿ.

ಹಂತ 6: ಹಾಕುವುದಕ್ಕಿಂತ ಬಿಚ್ಚುವುದನ್ನು ಕಲಿಸಿ

ಹಾಕುವ ಕ್ರಮ: ಕೈ ತೊಳೆ, ಗೌನ್, ಎನ್-95 ಮಾಸ್ಕ್, ಕನ್ನಡಕ ಅಥವಾ ಫೇಸ್ ಶೀಲ್ಡ್, ಕೊನೆಗೆ ಗೌನಿನ ತೋಳಿನ ಮೇಲೆ ಬರುವಂತೆ ಗ್ಲೌಸ್. ಬಿಚ್ಚುವ ಕ್ರಮ: ಗ್ಲೌಸ್, ಕನ್ನಡಕ, ಗೌನ್. ಕೋಣೆಯಿಂದ ಹೊರಬಂದು ಬಾಗಿಲು ಮುಚ್ಚಿದ ಮೇಲೆ ಮಾತ್ರ ಮಾಸ್ಕ್. ಪ್ರತಿ ತುಂಡು ತೆಗೆದ ಮೇಲೂ ಕೈ ಶುಚಿ ಮಾಡಿಕೊಳ್ಳಬೇಕು.

ಸೋಂಕು ತಗುಲುವುದು ಹೆಚ್ಚಾಗಿ ಬಿಚ್ಚುವಾಗಲೇ. ದಣಿದು, ಬೆವೆತು, ಒಮ್ಮೆ ಉಸಿರಾಡಿದರೆ ಸಾಕು ಎನ್ನಿಸಿದಾಗ ಕೈ ತಾನಾಗಿ ಮಾಸ್ಕಿನ ಮುಂಭಾಗಕ್ಕೆ ಹೋಗುತ್ತದೆ. ಹಾಗಾಗಿ ಬಿಚ್ಚುವಾಗ ಎದುರಿಗೆ ಒಬ್ಬರು ನಿಂತು ಒಂದೊಂದೇ ಹೆಜ್ಜೆ ಗಟ್ಟಿಯಾಗಿ ಹೇಳಬೇಕು. ಎನ್-95 ಹಾಕಿದ ಮೇಲೆ ಎರಡೂ ಅಂಗೈ ಮುಚ್ಚಿ ಜೋರಾಗಿ ಉಸಿರು ಬಿಡಿ; ಮೂಗಿನ ಪಕ್ಕದಲ್ಲೋ ಕೆನ್ನೆಯಲ್ಲೋ ಗಾಳಿ ಸೋರಿದರೆ ಅದು ಇದ್ದೂ ಪ್ರಯೋಜನವಿಲ್ಲ. ಗಡ್ಡವಿದ್ದರೆ ಮಾಸ್ಕ್ ಮುಖಕ್ಕೆ ಕೂರುವುದೇ ಇಲ್ಲ. ಮಳೆಯಲ್ಲಿ ಒದ್ದೆಯಾದ ಮಾಸ್ಕ್ ಬಿಸಾಡಿ, ಎನ್-95 ಒಗೆಯಬೇಡಿ.

ತಿಂಗಳಿಗೊಮ್ಮೆ ಹೇಳದೆ ಕೇಳದೆ ಅಣಕು ಪರೀಕ್ಷೆ ಮಾಡಿ: ಜ್ವರ ಮತ್ತು ಗೊಂದಲ ಇರುವ ರೋಗಿಯಂತೆ ಒಬ್ಬರನ್ನು ಬಾಗಿಲಿಗೆ ಕಳಿಸಿ, ಪ್ರತ್ಯೇಕ ಕೋಣೆ ತಲುಪುವವರೆಗೆ ಎಷ್ಟು ನಿಮಿಷ ಹಿಡಿಯಿತು, ದಾರಿಯಲ್ಲಿ ಎಷ್ಟು ಜನರ ಹತ್ತಿರ ಹಾದರು ಎಂದು ಬರೆದುಕೊಳ್ಳಿ. ಆಯಾ, ವಾಚ್‌ಮನ್, ಬಟ್ಟೆ ಒಗೆಯುವವರು, ಆಂಬುಲೆನ್ಸ್ ಚಾಲಕರು ಎಲ್ಲರೂ ಇದರಲ್ಲಿರಬೇಕು. ತರಬೇತಿಯನ್ನು ವೈದ್ಯರು, ನರ್ಸುಗಳಿಗೆ ಮಾತ್ರ ಕೊಟ್ಟು ಮುಗಿಸುವುದು ಅನ್ಯಾಯ. ಮಲದ ಬಕೆಟ್ ಎತ್ತುವವರು ಅವರಲ್ಲ.

ಹಂತ 7: ಅನುಮಾನ ಬಂದ ಮೊದಲ 24 ಗಂಟೆ

1. ತಾಲ್ಲೂಕು ಆರೋಗ್ಯಾಧಿಕಾರಿಗೆ ಫೋನ್ ಮಾಡಿ. ಖಚಿತವಾಗಲಿ ಎಂದು ಕಾಯಬೇಡಿ, ಅನುಮಾನವೇ ಸಾಕು. ಖಾಸಗಿಯವರಿಗೂ ಇದು ಕರ್ತವ್ಯ. "ಹೆಸರು ಕೆಟ್ಟೀತು" ಎಂದು ಮುಚ್ಚಿಟ್ಟ ಎರಡು ದಿನದಲ್ಲಿ ಸೋಂಕು ಇನ್ನೊಂದು ಊರು ಸೇರಿರುತ್ತದೆ. ಫೋನಿನ ನಂತರ ರೋಗಗಳ ವರದಿಗೆಂದು ಸರ್ಕಾರ ನಡೆಸುವ ಐಎಚ್‌ಐಪಿ ಪೋರ್ಟಲ್‌ನಲ್ಲಿ ದಾಖಲಿಸಿ. ಅಲ್ಲಿ ಮೂರು ಬಗೆಯ ನಮೂನೆಗಳಿವೆ: ಲಕ್ಷಣ ನೋಡಿ ಆರೋಗ್ಯ ಕಾರ್ಯಕರ್ತರು ತುಂಬುವ ಎಸ್, ವೈದ್ಯರ ಅಂದಾಜಿನ ಮೇಲೆ ತುಂಬುವ ಪಿ, ಲ್ಯಾಬ್ ದೃಢಪಡಿಸಿದ ಎಲ್.

2. ಮಾದರಿ ತೆಗೆಯಿರಿ, ಆದರೆ ಸರಿಯಾದದ್ದನ್ನು ಸರಿಯಾದ ಹೊತ್ತಿಗೆ. ಕಾಲರಾ ಅನುಮಾನವಿದ್ದರೆ ಆಂಟಿಬಯಾಟಿಕ್ ಕೊಡುವ ಮೊದಲೇ ಮಲದ ಸ್ವಾಬ್ ತೆಗೆದು ಕ್ಯಾರಿ-ಬ್ಲೇರ್ ಮಾಧ್ಯಮದಲ್ಲಿ (ಲ್ಯಾಬ್ ತಲುಪುವವರೆಗೆ ರೋಗಾಣು ಸಾಯದಂತೆ ಇಡುವ ಮಾಧ್ಯಮ) ಹಾಕಿ. ಇದನ್ನು ಫ್ರಿಜ್ಜಿನಲ್ಲಿಡುವುದು ಬೇಡ. ಡೆಂಗಿಯ ರಕ್ತ ಪರೀಕ್ಷೆಗೆ ಮೊದಲ ಐದು ದಿನ ಎನ್‌ಎಸ್1, ಆಮೇಲೆ ಐಜಿಎಂ ಎಲೈಸಾ. ವೈರಸ್ಸಿನ ಗಂಟಲು ಸ್ವಾಬ್ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಮೂರು ಪದರದ ಪ್ಯಾಕಿಂಗ್‌ನಲ್ಲಿ ಹೋಗಬೇಕು: ಸೋರದ ಟ್ಯೂಬ್, ಅದರ ಸುತ್ತ ಹೀರುವ ಹತ್ತಿ ಇರುವ ಎರಡನೇ ಡಬ್ಬಿ, ಹೊರಗೆ ಗಟ್ಟಿ ಪೆಟ್ಟಿಗೆ. ನಿಫಾ ಅನುಮಾನವಿದ್ದರೆ ನಿಮ್ಮ ಲ್ಯಾಬಿನಲ್ಲಿ ಟ್ಯೂಬ್ ತೆರೆಯಲೇಬೇಡಿ. ಇಲಾಖೆ ಹೇಳಿದ ರೀತಿಯಲ್ಲಿ ಮಾತ್ರ ರಾಷ್ಟ್ರೀಯ ವೈರಾಣು ಸಂಸ್ಥೆಗೆ ಹೋಗಲಿ.

3. ರೋಗಿಗಳ ಪಟ್ಟಿ ಶುರುಮಾಡಿ. ವಯಸ್ಸು, ಲಿಂಗ, ಊರು, ಎಸ್ಟೇಟಿನ ಹೆಸರು, ಲೈನ್ ನಂಬರ್ ಅಥವಾ ಹಾಡಿ, ಲಕ್ಷಣ, ನೀರಿನ ಮೂಲ, ಮಾದರಿ ತೆಗೆದ ದಿನ, ಫಲಿತಾಂಶ. ಎಲ್ಲಕ್ಕಿಂತ ಮುಖ್ಯವಾಗಿ ಲಕ್ಷಣ ಶುರುವಾದ ದಿನ. ಬಹಳಷ್ಟು ಆಸ್ಪತ್ರೆಗಳು ಇಲ್ಲಿ ದಾಖಲಾದ ದಿನ ಬರೆಯುತ್ತವೆ. ಹಾಗೆ ಬರೆದ ಪಟ್ಟಿಯಿಂದ ಸೋಂಕು ಯಾವತ್ತು, ಎಲ್ಲಿ ಮೊದಲಾಯಿತು ಎಂದು ಕಂಡುಹಿಡಿಯಲು ಬರುವುದಿಲ್ಲ. ದಿನ ನೆನಪಿಲ್ಲ ಎಂದರೆ ಸಂತೆಯ ದಿನವನ್ನೋ ಬಟವಾಡೆಯ ದಿನವನ್ನೋ ಹಿಡಿದು ಕೇಳಿ, ನೆನಪಾಗುತ್ತದೆ.

4. ಸಂಪರ್ಕದಲ್ಲಿದ್ದವರನ್ನು ಬರೆಯಿರಿ. ಮನೆಯವರಷ್ಟೇ ಸಾಲದು: ಅದೇ ಹೊತ್ತಿಗೆ ಓಪಿಡಿಯಲ್ಲಿ ಕೂತವರು, ಪಕ್ಕದ ಹಾಸಿಗೆಯವರು ಮತ್ತು ಅವರ ಕಡೆಯವರು, ಎಕ್ಸ್‌ರೇ ಟೆಕ್ನೀಷಿಯನ್, ಜೀಪಿನಲ್ಲಿ ಕರೆತಂದವರು. ಸಿಸಿಟಿವಿ ಇದ್ದರೆ ಅಳಿಸಿಹೋಗುವ ಮೊದಲೇ ಆ ದಿನಗಳ ದೃಶ್ಯ ಬೇರೆ ಕಡೆ ಉಳಿಸಿ. ನಿಫಾದಲ್ಲಿ ಸಂಪರ್ಕಿತರನ್ನು 21 ದಿನ ಗಮನಿಸಬೇಕು. ದಡಾರದಲ್ಲಿ, ಲಸಿಕೆ ಹಾಕಿಸಿಕೊಳ್ಳದವರಿಗೆ 72 ಗಂಟೆಯೊಳಗೆ ಲಸಿಕೆ ಕೊಟ್ಟರೆ ಕಾಯಿಲೆ ತಡೆಯುವ ಅವಕಾಶವಿದೆ.

5. ಬೇರೆಡೆ ಕಳಿಸುವುದಾದರೆ ಮೊದಲು ಫೋನ್, ಆಮೇಲೆ ಆಂಬುಲೆನ್ಸ್. ಅನುಮಾನ ಏನೆಂದು ಚಾಲಕರಿಗೂ ಆ ಆಸ್ಪತ್ರೆಯವರಿಗೂ ಹೇಳಿ. ಹೇಳದೆ ಕಳಿಸಿದರೆ ಸೋಂಕನ್ನೂ ಕಳಿಸಿದಂತೆ.

ದಿನಗೂಲಿಯವರು ಜ್ವರ ಮುಚ್ಚಿಟ್ಟುಕೊಳ್ಳುವುದು ಕೂಲಿ ಹೋದೀತೆಂಬ ಭಯಕ್ಕೆ. ಪ್ರತ್ಯೇಕವಾಗಿ ಇರಿಸಿದ ದಿನಗಳ ಕೂಲಿ, ಅಕ್ಕಿ, ಮಕ್ಕಳ ಹಾಲಿನ ವಿಷಯವನ್ನು ಎಸ್ಟೇಟ್ ಮ್ಯಾನೇಜರ್ ಮತ್ತು ಪಂಚಾಯಿತಿ ಜೊತೆ ಅದೇ ದಿನ ಮಾತಾಡಿ. ಇದು ದಯೆ ದಾಕ್ಷಿಣ್ಯದ ಮಾತಲ್ಲ, ಸೋಂಕು ನಿಯಂತ್ರಣದ ಭಾಗ.

ಹಂತ 8: ಯಾವ ಕಾಯಿಲೆಗೆ ಯಾವ ಎಚ್ಚರ

ಎಲ್ಲದಕ್ಕೂ ಪೂರ್ತಿ ಪಿಪಿಇ ಹಾಕಿದರೆ ನಿಜವಾಗಿ ಬೇಕಾದ ದಿನ ಕಿಟ್ ಇರುವುದಿಲ್ಲ. ಡೆಂಗಿ, ಇಲಿ ಜ್ವರ, ಮಂಗನ ಕಾಯಿಲೆ ದಿನನಿತ್ಯದ ಆರೈಕೆಯಿಂದ ಹರಡುವುದಿಲ್ಲ. ಡೆಂಗಿ ರೋಗಿಗೆ ಬೇಕಾದದ್ದು ಸೊಳ್ಳೆ ಪರದೆ. ಆಸ್ಪತ್ರೆಯ ಹಿತ್ತಲಲ್ಲಿ ನೀರು ನಿಂತ ಟಯರು, ಡ್ರಮ್ಮು ತೆಗೆಸದೆ ವಾರ್ಡಿನಲ್ಲಿ ಹೊಗೆ ಹಾಕಿ ಫಲವಿಲ್ಲ. ಇಲಿ ಜ್ವರದಲ್ಲಿ ಲ್ಯಾಬ್ ವರದಿಗೆ ಕಾಯದೆ ಚಿಕಿತ್ಸೆ ಆರಂಭಿಸಬೇಕು. ನೆರೆ ಪರಿಹಾರ ಕೇಂದ್ರದವರಿಗೂ ರಕ್ಷಣಾ ಕಾರ್ಯಕರ್ತರಿಗೂ ಮುಂಜಾಗ್ರತೆಯಾಗಿ ವಾರಕ್ಕೊಮ್ಮೆ 200 ಮಿ.ಗ್ರಾಂ ಡಾಕ್ಸಿಸೈಕ್ಲಿನ್ ಕೊಡುವುದನ್ನು ವೈದ್ಯರು ತೀರ್ಮಾನಿಸಲಿ. ಗರ್ಭಿಣಿಯರಿಗೂ ಚಿಕ್ಕ ಮಕ್ಕಳಿಗೂ ಅದು ಬೇಡ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ನವೆಂಬರ್–ಡಿಸೆಂಬರಿನಿಂದ ಮೇವರೆಗೆ, ಅಂದರೆ ಕಾಫಿ ಕುಯ್ಲಿನ ಕಾಲದಲ್ಲೇ, ತಲೆ ಎತ್ತುತ್ತದೆ. ಇದರಲ್ಲಿ ಅಪಾಯ ಇರುವುದು ರಕ್ತದ ಮಾದರಿ ಮುಟ್ಟುವ ಲ್ಯಾಬಿನವರಿಗೆ.

ಫ್ಲೂಗೆ ಮಾಸ್ಕ್, ಅಂತರ, ಗಾಳಿ. ಕಾಲರಾಗೆ ಕೈ, ನೀರು, ಬಕೆಟ್. ದಡಾರಕ್ಕೆ ಗಾಳಿಯಾಡುವ ಕೋಣೆ, ಲಸಿಕೆಯಾದ ಸಿಬ್ಬಂದಿ ಮಾತ್ರ ಒಳಗೆ. ನಿಫಾಗೆ ಮಾತ್ರ ಎಲ್ಲವೂ.

ಹಂತ 9: ಕಸ, ಬಟ್ಟೆ, ಮೃತದೇಹ

ಸೋಂಕಿತ ಕಸ ಹಳದಿ ಚೀಲಕ್ಕೆ, ಎರಡು ಚೀಲ ಒಂದರೊಳಗೊಂದು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಇದನ್ನು 48 ಗಂಟೆಗಿಂತ ಹೆಚ್ಚು ಇಡುವಂತಿಲ್ಲ. ರಸ್ತೆ ಮುಚ್ಚಿ ಕಸದ ಗಾಡಿ ಬರದಿದ್ದರೆ ಕಾರಣ ಬರೆದು ಮಾಲಿನ್ಯ ನಿಯಂತ್ರಣ ಮಂಡಳಿಗೆ ತಿಳಿಸಿ, ಬೀಗ ಹಾಕಿದ ಕೋಣೆಯಲ್ಲಿಡಿ. ನಾಯಿ, ಕಾಡುಹಂದಿಗೆ ಸಿಗಬಾರದು. ಹೊಳೆ ತೋಡಿಗೆ ಎಸೆದರೆ ಅದು ಕೆಳಗಿನ ಊರಿನ ಕುಡಿಯುವ ನೀರು.

ಬಟ್ಟೆ ಕೊಡವಬೇಡಿ. 70 ಡಿಗ್ರಿಗೆ ಮೇಲ್ಪಟ್ಟ ಬಿಸಿನೀರಿನಲ್ಲಿ ಸೋಪು ಹಾಕಿ 25 ನಿಮಿಷ ಒಗೆಸಿ. ಮಳೆಗಾಲದಲ್ಲಿ ಒಣಗುವುದಿಲ್ಲವಾದ್ದರಿಂದ ಹಾಸಿಗೆಗೆ ಎರಡರ ಬದಲು ನಾಲ್ಕು ಜೊತೆ ಇಟ್ಟುಕೊಳ್ಳಿ.

ಸಾವು ಸಂಭವಿಸಿದರೆ, ಸ್ನಾನ ಮಾಡಿಸಿ ಉಡಿಸಿ ಕಳಿಸಿಕೊಡುವ ಸಂಪ್ರದಾಯ ನಮ್ಮ ಎಲ್ಲ ಸಮುದಾಯಗಳಲ್ಲೂ ಇದೆ. ನಿಫಾ, ಕಾಲರಾದಂಥವುಗಳಲ್ಲಿ ಅದಕ್ಕೆ ಬಿಡಲಾಗದು. ಆದರೆ ಸೋರದ ಚೀಲದ ಮುಖದ ಭಾಗ ತೆರೆದು ದೂರದಿಂದ ನೋಡಲು, ಮುಟ್ಟದೆ ಪ್ರಾರ್ಥನೆ ಮಾಡಲು ಅವಕಾಶ ಕೊಡಬಹುದು. ಊರಿನ ಹಿರಿಯರನ್ನು, ಮಸೀದಿ, ಚರ್ಚಿನವರನ್ನು ಮೊದಲೇ ಕರೆದು ಮಾತಾಡಿ. ಏನೂ ಹೇಳದೆ ಮೃತದೇಹ ಸಾಗಿಸಿದರೆ ಮುಂದಿನ ರೋಗಿಯನ್ನು ಮನೆಯವರು ಆಸ್ಪತ್ರೆಗೇ ಕರೆತರುವುದಿಲ್ಲ.

ಹಂತ 10: ಸಿಬ್ಬಂದಿ, ಮತ್ತು ಯಾವಾಗ ಮುಗಿಯಿತು ಎನ್ನುವುದು

ಸೋಂಕಿನ ವಾರ್ಡಿನವರು ಬೇರೆ ವಾರ್ಡಿಗೆ ಹೋಗಬಾರದು, ಸಂಜೆ ಇನ್ನೊಂದು ನರ್ಸಿಂಗ್ ಹೋಂನಲ್ಲೂ ಕೆಲಸ ಮಾಡಬಾರದು. ಹಾಗೆ ಹೇಳುವಾಗ ಆ ಸಂಬಳ ನೀವು ತುಂಬಿಕೊಡಬೇಕಾಗುತ್ತದೆ. ಊಟ, ಬಿಸಿನೀರು, ಮಲಗಲು ಒಣ ಜಾಗ ಕೊಡಿ. ದಿನಕ್ಕೆರಡು ಸಲ ಜ್ವರ ನೋಡಿ ಬರೆದಿಡಿ. ಹೆಪಟೈಟಿಸ್ ಬಿ, ದಡಾರ–ರುಬೆಲ್ಲಾ ಮತ್ತು ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಮೇ ತಿಂಗಳೊಳಗೆ ಆಗಿರಲಿ, ಗುತ್ತಿಗೆ ನೌಕರರಿಗೂ.

ಕೊನೆಯ ರೋಗಿ ಮನೆಗೆ ಹೋದ ದಿನವೇ ಸಾಂಕ್ರಾಮಿಕ ಮುಗಿಯುವುದಿಲ್ಲ. ಸೋಂಕು ತಗುಲಿ ಲಕ್ಷಣ ಕಾಣಿಸಲು ಹಿಡಿಯುವ ಗರಿಷ್ಠ ಅವಧಿಯ ಎರಡರಷ್ಟು ದಿನ ಹೊಸ ರೋಗಿ ಬರದಿರಬೇಕು. ನಿಫಾದಲ್ಲಿ 42 ದಿನ ಎಂದು ಲೆಕ್ಕ. ಅದನ್ನು ಘೋಷಿಸುವುದು ಇಲಾಖೆ, ನೀವಲ್ಲ. ಅಲ್ಲಿಯವರೆಗೆ ಬಾಗಿಲಿನ ಮೇಜು ತೆಗೆಯಬೇಡಿ. ತುಲಾ ಸಂಕ್ರಮಣದ ತಲಕಾವೇರಿ ಜಾತ್ರೆ, ಮಡಿಕೇರಿ ದಸರಾ ಅದರ ನಡುವೆ ಬಂದರೆ ಮೇಜಿಗೆ ಇನ್ನೊಬ್ಬರನ್ನು ಹಾಕಿ.

ಘೋಷಣೆಯಾದ ಎರಡು ವಾರದೊಳಗೆ ಎಲ್ಲರನ್ನೂ ಕೂರಿಸಿ, ಆಯಾಗಳಿಂದ ಮೊದಲುಮಾಡಿ ಒಬ್ಬೊಬ್ಬರನ್ನೇ ಕೇಳಿ: ಯಾವುದು ಮುಗಿದುಹೋಯಿತು, ಯಾವ ಫೋನ್ ಎತ್ತಲಿಲ್ಲ, ಎಲ್ಲಿ ಕಾಯಬೇಕಾಯಿತು. ಬರೆದುಕೊಂಡ ಆ ಪಟ್ಟಿಯನ್ನೇ ಹಿಡಿದು ಖಾಲಿಯಾದ ಸಾಮಾನಿಗೆ ಅದೇ ವಾರ ಆರ್ಡರ್ ಹಾಕಿ, ಗೋಡೆಯ ಮೇಲಿನ ನಂಬರ್‌ಗಳನ್ನು ತಿದ್ದಿ.